ಬಸ್ಸಿನಲ್ಲಿ ಹೋದ ಕೀ

ಬೆಳ್ಳಾರೆಯಲ್ಲಿ ನನ್ನದೊಂದು ಕಸಿ ಗಿಡಗಳ ನರ್ಸರಿ ಇದೆ. ಅದರ ವೆಬ್‌ಸೈಟ್ ತೆರೆದವರಿಗೆ ಗಿಡ ಕಾಣುವ ಮೊದಲು ‘ಸುರಕ್ಷಿತವಲ್ಲ’ ಎಂಬ ಎಚ್ಚರಿಕೆ ಕಾಣುತ್ತಿತ್ತು. ಜಾಯಿಕಾಯಿ ಗಿಡದಿಂದ ಯಾರಿಗೆ ಏನು ಅಪಾಯವೋ ನನಗೆ ತಿಳಿಯಲಿಲ್ಲ. ಆದರೆ ಗಿರಾಕಿಗಳು ಅಲ್ಲಿಂದಲೇ ಹಿಂದೆ ಹೋಗುತ್ತಿದ್ದರು. ಹಾಗಾಗಿ, ಸೈಟು ಅಸಲಿ, ಸುರಕ್ಷಿತ ಎಂದು ತೋರಿಸುವ ಎಸ್‌ಎಸ್‌ಎಲ್ ಸರ್ಟಿಫಿಕೇಟ್ ಮಾಡಿಸಲು ಹೊರಟೆ.

ವಿಡಿಯೊ ನೋಡಿ ನೋಡಿ ಕೊನೆಗೂ ನನ್ನ ಕಂಪ್ಯೂಟರಿನಲ್ಲಿ ಎರಡು ಫೈಲು ಸಿದ್ಧವಾದವು. ಸರ್ಟಿಫಿಕೇಟನ್ನು ಊರಿಗೆಲ್ಲ ತೋರಿಸಬಹುದು. ಅದರ ಜೋಡಿ, ಪ್ರೈವೇಟ್ ಕೀ, ಯಾರ ಕೈಗೂ ಸಿಗಬಾರದು. ಸಿಕ್ಕಿದವರು ನಮ್ಮ ಸೈಟಿನ ವೇಷ ಹಾಕಿ ಗಿರಾಕಿಗಳಿಗೆ ಮೋಸ ಮಾಡಬಹುದಂತೆ. ನಮ್ಮ ಸರ್ವರ್ ನೋಡಿಕೊಳ್ಳುವ ಹೆಣ್ಣುಮಗಳು ಇರುವುದು ಪುತ್ತೂರಿನಲ್ಲಿ. “ಕೀಯನ್ನು ಮೇಲ್ ಮಾಡ್ಬೇಡಿ ಸರ್, ವಾಟ್ಸಪ್ಪೂ ಬೇಡ. ಭದ್ರವಾಗಿ ಮುಟ್ಟಿಸಿ” ಎಂದಳು.

ಬೆಳ್ಳಾರೆಯಿಂದ ಪುತ್ತೂರಿಗೆ ಭದ್ರವಾಗಿ ಏನಾದರೂ ಮುಟ್ಟಬೇಕಾದರೆ ಬೆಳಗ್ಗಿನ ಬಸ್ಸಿನ ಕಂಡಕ್ಟರ್ ಇದ್ದಾರೆ. ನನ್ನ ಮಗಳ ಮದುವೆಯ ಕರಿಮಣಿ ಚಿನ್ನದ ಅಂಗಡಿಯಿಂದ ಬಂದದ್ದು ಅವರ ಚೀಲದಲ್ಲಿ. ಕೀಯನ್ನು ಪೆನ್‌ಡ್ರೈವಿಗೆ ತುಂಬಿಸಿ, ಲಕೋಟೆಗೆ ಹಾಕಿ, ಅಂಟಿಸಿ, ಅವರ ಕೈಗೆ ಕೊಟ್ಟೆ. ಸ್ವಲ್ಪ ಹೊತ್ತಿನಲ್ಲಿ ಪುತ್ತೂರಿನಿಂದ ಫೋನ್ ಬಂತು.

“ಇದನ್ನು ತಂದದ್ದು ಯಾರು ಸರ್?”

“ಕಂಡಕ್ಟರ್.”

“ಹಾಗಾದ್ರೆ ಈ ಕೀ ಆಗುದಿಲ್ಲ. ಸರ್ಟಿಫಿಕೇಟ್ ರದ್ದು ಮಾಡ್ಬೇಕು. ನಾಳೆ ನೀವೇ ಬನ್ನಿ, ಸರ್ವರಿನಲ್ಲೇ ಹೊಸತು ಮಾಡುವ.”

ನಾನು ಕರಿಮಣಿಯ ವಿಷಯ ಹೇಳಿದೆ. “ಅವರು ಒಳ್ಳೆಯವರೇ ಇರ್ಬಹುದು ಸರ್. ಮೂರನೆಯವರ ಕೈಗೆ ಹೋಯ್ತಲ್ಲ” ಎಂದಳು.

ಮರುದಿನ ಅದೇ ಬಸ್ಸು ಹತ್ತಿದೆ. “ಎಂತ ಮಾರಾಯ್ರೆ, ನಿನ್ನೆಯದ್ದು ಸರಿ ಮುಟ್ಟಿತಲ್ಲ?” ಎಂದು ಕಂಡಕ್ಟರ್ ಕೇಳಿದರು. ಮುಟ್ಟಿತು ಎಂದು ಸುಮ್ಮನಿರಬಹುದಿತ್ತು. ಹೊಸತಾಗಿ ಕಲಿತವನ ಚಪಲ, ಸರ್ಟಿಫಿಕೇಟಿನಿಂದ ಹಿಡಿದು ಮೂರನೆಯವರ ತನಕ ಎಲ್ಲವನ್ನೂ ವಿವರಿಸಿದೆ. ಅವರು ಪೂರ್ತಿ ಕೇಳಿದರು.

“ಅಂದ್ರೆ ನನ್ನ ಕೈಯಲ್ಲಿ ಬಂದದ್ದಕ್ಕೆ ಬಿಸಾಡಿದ್ದು” ಎಂದು ಮುಂದಿನ ಸೀಟಿಗೆ ಹೋದರು.

ಸೈಟಿಗೆ ಬೀಗದ ಗುರುತು ಬಂತು, ಗಿರಾಕಿಗಳೂ ಬಂದರು. ನನಗೆ ಮಾತ್ರ ಬೆಳಗ್ಗೆ ಆ ಬಸ್ಸಿನ ಹಾರ್ನ್ ಕೇಳಿದರೆ ನಾಚಿಕೆಯಾಗುತ್ತಿತ್ತು.

ವಾರ ಕಳೆದು, ಪುತ್ತೂರಿನಲ್ಲಿರುವ ಅಕ್ಕನ ಗಂಟುನೋವಿಗೆ ತೈಲದ ಬಾಟಲಿ ಕಳುಹಿಸಬೇಕಾಯಿತು. ಕಂಡಕ್ಟರ್ ಕೈ ಚಾಚಲಿಲ್ಲ.

“ಮೊದಲು ಅಕ್ಕನಿಗೆ ಫೋನ್ ಮಾಡಿ ಕೇಳಿ. ನನ್ನ ಕೈಯಲ್ಲಿ ಬಂದದ್ದು ಆಗ್ತದಾ ಅಂತ.”

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಯಾರಿಗೂ ಅರ್ಧ ನಿಮಿಷ ಕಾಯದ ಮನುಷ್ಯ ಬಸ್ಸು ನಿಲ್ಲಿಸಿಕೊಂಡು ಕಾದರು. ನಾನು ಫೋನಿನ ಸ್ಪೀಕರ್ ಹಾಕಿ, ಬಸ್ಸಿನವರೆಲ್ಲರ ಎದುರು ಆ ಪ್ರಶ್ನೆ ಕೇಳಿದೆ.

“ನಿನಗೆ ಎಂತಾಗಿದೆ?” ಎಂದಳು ಅಕ್ಕ. “ಅವರ ಹತ್ತಿರ ಅಲ್ಲದೆ ಮತ್ತೆ ಯಾರ ಹತ್ತಿರ ಕೊಡ್ತಿ?”

ಕಂಡಕ್ಟರ್ ಬಾಟಲಿಯನ್ನು ತೆಗೆದುಕೊಂಡು ಚೀಲದಲ್ಲಿ ನೆಟ್ಟಗೆ ನಿಲ್ಲಿಸಿದರು.

“ಅಕ್ಕ ಹೇಳಿದ್ರಲ್ಲ, ಅದಕ್ಕೆ ಕೊಂಡುಹೋಗುದು” ಎಂದು ವಿಸಿಲ್ ಊದಿದರು.