ನಕ್ಷೆ ಮಾವನ ಚಳಿಗಾಲ

ಓಣಿಯವರೆಲ್ಲ ನಕ್ಷೆ ಮಾವ ಎಂದು ಕರೆಯುವ ಈ ನಿವೃತ್ತ ಸರ್ವೇಯರಿಗೆ ಮಳೆ ನಿಂತಿತೆಂದರೆ ಸಮುದ್ರದ ಹುಚ್ಚು ಕೆದರುತ್ತದೆ. ಚಳಿಗಾಲದ ಎರಡು ತಿಂಗಳು ತಂಗಲು ಕರಾವಳಿಯ ಯಾವ ಊರು ವಾಸಿ ಎಂದು ಊಟದ ಮೇಜಿನ ತುಂಬ ನಕ್ಷೆ ಹಾಸಿ ಕೂರುತ್ತಾರೆ. ಮನೆಯವರು ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಉಣ್ಣಬೇಕು. ಒಂದೂರಲ್ಲಿ ಗಾಳಿ ಜಾಸ್ತಿ, ಇನ್ನೊಂದರಲ್ಲಿ ಮೆಟ್ಟಿಲು ಜಾಸ್ತಿ, ಮೂರನೆಯದರಲ್ಲಿ ಔಷಧಿ ಅಂಗಡಿಯವನು ಫೋನಿನಲ್ಲಿ ಸಿಡುಕಿದ. "ಆತುರಪಟ್ರೆ ಕೆಟ್ವಿ, ನೋಡೋಣ" ಎನ್ನುತ್ತ ಹನ್ನೊಂದು ಚಳಿಗಾಲ ಮನೆಯಲ್ಲೇ ಕಳೆದಿದ್ದಾರೆ. ಮನೆ ಬಾಡಿಗೆಗೆ ಕೊಡುವವರಿಗೆ ಅವರ ಕೊನೆಯ ಪ್ರಶ್ನೆ ಒಂದೇ: "ಅಡುಗೆಮನೆ ಕಿಟಕಿಯಿಂದ ಸಮುದ್ರ ಕಾಣುತ್ತಾ?" ಇಲ್ಲವೆಂದರೆ ಆ ಊರಿನ ಮೇಲೆ ಕೆಂಪು ಪೆನ್ಸಿಲಿನ ಗೀಟು. ಈ ಸಲ ಅವರ ಹೆಂಡತಿ ಒಲೆಯ ಮುಂದಿನಿಂದಲೇ, ಅಡುಗೆಮನೆಯೇ ಯಾಕೆ ಎಂದು ಕೇಳಿದರು. ಮಾವ ನಕ್ಷೆಯಿಂದ ತಲೆ ಎತ್ತಲಿಲ್ಲ. "ಮದುವೆಯಾದ ಹೊಸದರಲ್ಲಿ ನನ್ನ ಅಣ್ಣತಮ್ಮಂದಿರ ಜೊತೆ ಕರಾವಳಿಗೆ ಹೋಗಿದ್ವಲ್ಲ, ಎಂಟು ದಿನಾನೂ ನೀನು ಕಿಟಕಿಯಿಲ್ಲದ ಅಡುಗೆಮನೇಲೇ ಇದ್ದೆ. ಸಮುದ್ರ ನೋಡಲೇ ಇಲ್ಲ." ಆಕೆ ಸೌಟು ಕೆಳಗಿಟ್ಟರು. ಆಮೇಲೆ, "ಅಡುಗೆ ನೀವು ಮಾಡಿ, ಯಾವ ಊರಾದ್ರೂ ನಡೆಯುತ್ತೆ" ಎಂದರು. ಮಾವ ತುಂಬ ಯೋಚಿಸಿ, ಗೀಟುಗಳನ್ನೆಲ್ಲ ಅಳಿಸಿ, ಒಳ್ಳೆಯ ಊಟದ ಹೋಟೆಲಿರುವ ಊರು ಯಾವುದೆಂದು ಮೊದಲಿನಿಂದ ಹುಡುಕತೊಡಗಿದರು.