ಸೂಜಿಯಕ್ಕ ನಂಬಿದ ಇರುವೆ

ಪ್ಯಾಂಟಿನ ಜಿಪ್ ಬದಲಿಸುವುದು, ಉದ್ದವಾದದ್ದನ್ನು ಗಿಡ್ಡ ಮಾಡುವುದು, ಬಿಗಿಯಾದದ್ದನ್ನು ಸಡಿಲಿಸುವುದು ಅವಳ ಕಸುಬು. ಮೆಟ್ಟಿಲ ಕೆಳಗೆ ಕಿರಿದಾದ ಅಂಗಡಿ. ಒಂದು ಹೊಲಿಗೆ ಯಂತ್ರ, ಇಸ್ತ್ರಿ ಮೇಜು, ಗಿರಾಕಿಗಳು ಬಟ್ಟೆ ಹಾಕಿ ನೋಡಲು ಪರದೆ ಕಟ್ಟಿದ ಮೂಲೆ. ಹಿಂದಿನ ಕೋಣೆಯಲ್ಲಿ ಅವಳೂ ಅವಳ ಅತ್ತೆಯೂ ಇದ್ದರು. ಗಂಡನ ಹೊಡೆತ ತಾಳಲಾರದೆ ಅವಳು ಮನೆ ಬಿಟ್ಟ ದಿನ ಅತ್ತೆಯೂ ಚಪ್ಪಲಿ ಮೆಟ್ಟಿಕೊಂಡು ಹಿಂದೆಯೇ ಬಂದಿದ್ದರು.

"ಹೆತ್ತಿದ್ದು ನಾನೇ, ನಿಜ. ಹಾಗಂತ ನಾನ್ಯಾಕೆ ಅಲ್ಲೇ ಸಾಯ್ಲಿ?" ಎಂದಿದ್ದರು.

ಆ ಇಬ್ಬರಿಗೂ ಆಗ ದಾರಿ ತೋರಿಸಿದ್ದು ಫೋನಿನೊಳಗಿನ ಒಂದು ಗುಂಪು. ಹುಡುಕಿದರೂ ಸಿಗದ, ಬಾಯಿಂದ ಬಾಯಿಗೆ ಗುಟ್ಟಾಗಿ ದಾಟುವ ಗುಂಪು. ಮನೆಯಿಂದ ತಪ್ಪಿಸಿಕೊಳ್ಳುವ ಹೆಂಗಸರಿಗೆ ಅದು ಗಾಡಿ ಹೊಂದಿಸುತ್ತಿತ್ತು, ತಂಗಲು ಜಾಗ ನೋಡುತ್ತಿತ್ತು. ಅಲ್ಲಿ ಯಾರಿಗೂ ಹೆಸರಿಲ್ಲ, ಮುಖವಿಲ್ಲ. ಬರುಬರುತ್ತಾ ಅವಳೇ ಅದರ ಬಾಗಿಲು ಕಾಯತೊಡಗಿದಳು. ಎಲ್ಲರೂ ಅವಳನ್ನು ಸೂಜಿಯಕ್ಕ ಎಂದರು.

ಸುಸ್ತಿನ ಕೆಲಸ ಅದು. ಓಡಿಹೋದ ಹೆಂಡತಿಯನ್ನು ಹುಡುಕುವ ಗಂಡಂದಿರು ಹೆಣ್ಣಿನ ಸೋಗಿನಲ್ಲಿ ಬರುತ್ತಿದ್ದರು. ಅವರಿಗೆ ಅವಸರ. "ಎಲ್ಲಿಗೆ ಕರ್ಕೊಂಡು ಹೋಗ್ತೀರ? ಅಲ್ಲಿ ಯಾರ್ಯಾರಿದ್ದಾರೆ?" ಎಂದು ಬಂದ ದಿನವೇ ಕೇಳುತ್ತಿದ್ದರು. ನಿಜವಾಗಿ ಬೆಂದವರು ಹಾಗಲ್ಲ. ಅರ್ಧ ಬರೆದು ಮಾಯವಾಗುವರು. ಎಷ್ಟೋ ದಿನದ ಮೇಲೆ ಬಂದು ಕ್ಷಮೆ ಕೇಳುವರು. "ಮಗೂದು ಸ್ಕೂಲ್ ಬ್ಯಾಗ್ ತರಬಹುದಾ?" ಎನ್ನುವರು. ಅಷ್ಟಕ್ಕೇ ಒಳಗೆ ಬಿಡುವಂತಿರಲಿಲ್ಲ. ಹೊಸಬರ ಪರವಾಗಿ ಇಬ್ಬರು ಹಳಬರು ಜಾಮೀನು ನಿಲ್ಲಬೇಕು. ಹೊಸಬರು ಮೋಸ ಮಾಡಿದರೆ ಜಾಮೀನು ನಿಂತವರೂ ಹೊರಗೆ. ಗಂಡಸರಿಗಂತೂ ಪ್ರವೇಶವೇ ಇಲ್ಲ. ಈ ಕಟ್ಟಳೆಗಳನ್ನು ಮಾಡಿದವಳು ಸೂಜಿಯಕ್ಕನೇ. ದಿನವೆಲ್ಲ ಅನುಮಾನಪಟ್ಟು ಪಟ್ಟು, ಗಿರಾಕಿ ಸೊಂಟದ ಅಳತೆ ಹೇಳಿದರೂ ಅವಳು ಟೇಪು ಹಿಡಿದು ಇನ್ನೊಮ್ಮೆ ನೋಡುತ್ತಿದ್ದಳು.

ಅವಳು ಕಣ್ಣುಮುಚ್ಚಿ ನಂಬಿದ್ದು ಇರುವೆ ಎಂಬ ಹೆಸರಿನವಳನ್ನು ಮಾತ್ರ. ಗಾಡಿ ಹೊಂದಿಸುವುದು ಇರುವೆಯ ಕೆಲಸ. ಆಗುತ್ತದೆ ಎಂದರೆ ಆಗಿಯೇ ತೀರುತ್ತಿತ್ತು. ಆಗದಿದ್ದರೆ "ಆಗಲ್ಲ ಅಕ್ಕ, ಬೇರೆಯವರನ್ನ ನೋಡಿ" ಎಂದು ನೇರವಾಗಿ ಬರೆಯುತ್ತಿದ್ದಳು. ಯಾರ ಊರನ್ನೂ ಕೆದಕಿ ಕೇಳಿದವಳಲ್ಲ. ಅತ್ತೆಗೆ ಮಂಡಿನೋವು ಎಂದು ಯಾವಾಗಲೋ ಹೇಳಿದ್ದನ್ನು ನೆನಪಿಟ್ಟುಕೊಂಡು ಆಗಾಗ ವಿಚಾರಿಸುತ್ತಿದ್ದಳು.

ಒಮ್ಮೆ ಬಿಸ್ಕತ್ತು ಕಾರ್ಖಾನೆಯ ಹೆಂಗಸೊಬ್ಬಳನ್ನು ಬಸ್ ನಿಲ್ದಾಣದಿಂದ ದಾಟಿಸಬೇಕಾಯಿತು. ಗಾಡಿ ತರಬೇಕಿದ್ದವಳು ಜ್ವರ ಬಂದು ಮಲಗಿದಳು. "ನಾನೇ ಬರ್ತೀನಿ. ಬಿಳಿ ವ್ಯಾನು" ಎಂದು ಇರುವೆ ಬರೆದಳು. ನಿಲ್ದಾಣ ಹತ್ತಿರವೇ ಇದ್ದುದರಿಂದ ಸೂಜಿಯಕ್ಕನೂ ಅಂಗಡಿಗೆ ಬೀಗ ಹಾಕಿ ಹೋದಳು.

ವ್ಯಾನಿನಿಂದ ಇಳಿದವನು ಅಂಗಡಿಗಳಿಗೆ ನೀರಿನ ಕ್ಯಾನು ಹಾಕುವ, ತಲೆ ನರೆತ ಗಂಡಸು.

"ಅಕ್ಕ, ನಾನೇ ಇರುವೆ" ಎಂದ.

ಸೂಜಿಯಕ್ಕ ಕಾರ್ಖಾನೆಯವಳನ್ನು ತನ್ನ ಬೆನ್ನ ಹಿಂದೆ ಎಳೆದುಕೊಂಡಳು. "ಇರುವೆ ಎಲ್ಲಿ?"

"ಅವಳು ನನ್ನ ತಂಗಿ. ಹೋದ ವರ್ಷ ತೀರಿಕೊಂಡಳು, ಕ್ಯಾನ್ಸರ್. ಅವಳನ್ನ ಮಣ್ಣು ಮಾಡಿ ಬಂದಾಗ ಅವಳ ಫೋನಲ್ಲಿ ಯಾರೋ ಗಾಡಿಗೆ ಕಾಯ್ತಾ ಇದ್ರು. ಹೋಗಿ ಕರ್ಕೊಂಡು ಬಂದೆ. ಇರುವೆ ಕಳಿಸಿದ ಡ್ರೈವರ್ ಅಂದ್ಕೊಂಡ್ರು. ಆಮೇಲೆ ಇನ್ನೊಬ್ಬರು ಕೇಳಿದ್ರು."

"ಹೇಳಬೇಕಿತ್ತು."

"ಹೇಳಿದ್ರೆ ಇರೋಕೆ ಬಿಡ್ತಿದ್ರಾ?"

ಬಿಡುತ್ತಿರಲಿಲ್ಲ. ಸೂಜಿಯಕ್ಕ ಕೇಳಿದಳು: "ನಮ್ಮತ್ತೆ ಮಂಡಿನೋವು ಕೇಳ್ತಿದ್ದಿದ್ದು ಅವಳಾ, ನೀವಾ?"

"ಮೊದಲು ಅವಳು. ಆಮೇಲೆ ನಾನು."

ಮುಖವನ್ನೇ ನೋಡದ ಗೆಳತಿ ಸತ್ತು ವರ್ಷವಾಗಿತ್ತು. ಇವಳಿಗೆ ಅಳಲು ಪುರುಸೊತ್ತಿರಲಿಲ್ಲ. ಕಾರ್ಖಾನೆಯವಳು ಒಳಗೆ ಬರುತ್ತಿದ್ದ ಬಸ್ಸುಗಳ ಕಡೆಗೇ ನೋಡುತ್ತಿದ್ದಳು.

"ಅಕ್ಕ, ನೀವೂ ಬರ್ತೀರಾ?" ಎಂದು ಕೇಳಿದಳು.

"ಬರ್ತೀನಿ."

"ಹಾಗಾದ್ರೆ ನಡೀರಿ. ಇಲ್ಲೇ ನಿಂತ್ರೆ ಅವನು ಬಂದೇ ಬರ್ತಾನೆ."

ಹೆಂಗಸರಿಬ್ಬರೂ ಹಿಂದೆ, ಖಾಲಿ ಕ್ಯಾನುಗಳ ನಡುವೆ ಕುಳಿತರು. ದಾರಿಯಲ್ಲಿ ಅವನು ಹಿಂದೆ ತಿರುಗಿಯೂ ನೋಡಲಿಲ್ಲ. ಸೇರಬೇಕಾದ ಮನೆಯ ಬೀದಿಗಿಂತ ಮೊದಲೇ ಗಾಡಿ ನಿಲ್ಲಿಸಿ, "ಮನೆ ಯಾವುದು ಅಂತ ನಂಗೆ ಗೊತ್ತಾಗೋದು ಬೇಡ" ಎಂದ.

ಅತ್ತೆ ಎಲ್ಲವನ್ನೂ ಕೇಳಿ ಮಂಡಿ ನೀವಿಕೊಳ್ಳುತ್ತಾ, "ಬಾಯಿ ಮುಚ್ಕೊಂಡಿರು. ಇಂಥವರು ಸಿಗೋದೇ ಕಷ್ಟ" ಎಂದರು. ಮುಚ್ಚಿಟ್ಟರೆ ತಾನು ಕಾಯುವ ಬಾಗಿಲಿಗೆ ಅರ್ಥವೇನು ಎಂದು ಸೂಜಿಯಕ್ಕನಿಗೆ ಅನ್ನಿಸಿತು. ನಡೆದದ್ದನ್ನೆಲ್ಲ ಗುಂಪಿಗೆ ಬರೆದಳು. ಕೆಲವರು ಸತ್ತವಳಿಗಾಗಿ ಅತ್ತರು, ಕೆಲವರು ಸಿಟ್ಟಾದರು. ಇವನಿರಬೇಕೋ ಬೇಡವೋ ಎಂದು ಮತ ಕೇಳಿದಾಗ, ಆಗಷ್ಟೇ ಒಳಗೆ ಬಂದಿದ್ದ ಕಾರ್ಖಾನೆಯವಳು ಬೇಡ ಎಂದಳು.

"ನಿನ್ನ ದಾಟಿಸಿದ್ದೇ ಅವರಲ್ವಾ?" ಎಂದು ಸೂಜಿಯಕ್ಕ ಕೇಳಿದಳು.

"ಹೌದಕ್ಕ. ದೇವರಂಥವರು. ಆದ್ರೆ ಇವರಿಗೆ ಬಾಗಿಲು ತೆಗೆದ್ರೆ, ನಾಳೆ ನನ್ನ ಗಂಡನೂ ಯಾರದೋ ಅಣ್ಣ ಅಂತ ಹೇಳ್ಕೊಂಡು ಬರ್ತಾನೆ."

ಸೂಜಿಯಕ್ಕನೂ ಬೇಡ ಎಂದೇ ಒತ್ತಿದಳು. "ಸರಿ ಅಕ್ಕ, ಹುಷಾರು" ಎಂದು ಬರೆದು ಇರುವೆ ಹೊರಟುಹೋದ.

ಮುಂದಿನ ವಾರ ಇಬ್ಬರು ಹೆಂಗಸರು ಗಾಡಿ ಕೇಳಿದರು. ಹೊಂದಿಸುವವರು ಯಾರೂ ಸಿಗಲಿಲ್ಲ. ಮಡಚಿ ಪಿನ್ನು ಚುಚ್ಚಿದ ಪ್ಯಾಂಟನ್ನು ಪಕ್ಕಕ್ಕಿಟ್ಟು ಸೂಜಿಯಕ್ಕ ಫೋನು ಕೈಗೆತ್ತಿಕೊಂಡಳು. ಆ ಇಬ್ಬರಿಗೂ, ತಾನು ಯಾವ ಹೆಣ್ಣಿಗೂ ಹೇಳಬಾರದು ಎಂದುಕೊಂಡಿದ್ದ ಮಾತನ್ನೇ ಬರೆದಳು: "ಇನ್ನೊಂದು ಸ್ವಲ್ಪ ದಿನ ತಡ್ಕೊಳ್ಳಿ."