ದಸ್ತಗೀರ ಮಾಸ್ತರರ ವಲ್ಲಿ

ದಸ್ತಗೀರ ಮಾಸ್ತರರ ಹೆಗಲ ಮೇಲಿನ ವಲ್ಲಿ ಬೆವರು ಒರೆಸಲಿಕ್ಕೆ ಇದ್ದದ್ದಲ್ಲ. ಟೈಪ್ ಮಾಡುವಾಗ ಯಾರಾದರೂ ಕೀಲಿಗಳನ್ನು ಕದ್ದು ನೋಡಿದರೆ ಸಾಕು, ಆ ಕೆಂಪು ಚೌಕಳಿಯ ಬಟ್ಟೆ ಬಂದು ಎರಡೂ ಕೈಗಳನ್ನು ಮುಚ್ಚಿಬಿಡುತ್ತಿತ್ತು. "ಕಣ್ಣ ಎರಡ, ಬೆರಳ ಹತ್ತ. ಯಾವು ಹೆಚ್ಚ ಅದಾವ, ಅವನ್ನ ನಂಬ್ರಿ" ಎನ್ನುತ್ತಿದ್ದರು. ಕೋಣೆಯ ಆ ತುದಿಯಲ್ಲಿ ಕೂತವರಿಗೆ ನಾವು ನೋಡಿದ್ದು ಹೇಗೆ ತಿಳಿಯುತ್ತದೆ ಎಂದು ಒಮ್ಮೆ ಕೇಳಿಯೇಬಿಟ್ಟೆ. "ನೋಡಿ ಹೊಡದ್ರ ಸಪ್ಪಳ ತಡಾ ಆಗತೈತಿ ತಂಗಿ" ಎಂದರು.

ಸಿಂದಗಿಯ ಬಸ್ ನಿಲ್ದಾಣದ ಹಿಂದೆ ತಗಡಿನ ಛಾವಣಿಯ ಉದ್ದನೆಯ ಕೋಣೆ, ಒಳಗೆ ಎಂಟು ಟೈಪ್‌ರೈಟರ್. ತೊಂಬತ್ತರ ದಶಕದಲ್ಲಿ ಪಿಯುಸಿ ಮುಗಿಸಿ, ನೌಕರಿಯ ಆಸೆಗೆ ನಾನು ಕನ್ನೊಳ್ಳಿಯಿಂದ ಬೆಳಗಿನ ಬಸ್ಸಿಗೆ ಅಲ್ಲಿಗೆ ಹೋಗುತ್ತಿದ್ದೆ. ಎಂಟು ಯಂತ್ರಗಳು ಒಟ್ಟಿಗೆ ಬಡಿದುಕೊಳ್ಳುವಾಗ ತಗಡಿನ ಮೇಲೆ ಆಣೆಕಲ್ಲು ಬಿದ್ದಂತಾಗುತ್ತಿತ್ತು. ಆ ಗದ್ದಲದಲ್ಲೂ ಮಾಸ್ತರರು ತಲೆ ಎತ್ತದೆ ಹೇಳುತ್ತಿದ್ದರು: "ಕನ್ನೊಳ್ಳಿ ತಂಗಿ, ನಿನ್ನ ಕಿರಿಬೆರಳ ಮಲಗೇತಿ ನೋಡು, ಎಬ್ಬಸು." ನಿಜವಾಗಿಯೂ ನನ್ನ ಎಡಗೈಯ ಕಿರಿಬೆರಳು ಮಹಾ ಸೋಮಾರಿ. ನಾನು ಹೊಡೆದ ಇಂಗ್ಲಿಷಿನ ಪ್ರತಿ 'ಎ' ಅಕ್ಷರವೂ ಹಾಳೆಯ ಮೇಲೆ ಮಸುಕಾಗಿ ಮೂಡುತ್ತಿತ್ತು.

ಹಾಳೆಗಳನ್ನು ಅವರು ತಾವು ತಿದ್ದುತ್ತಿರಲಿಲ್ಲ. ನಮ್ಮ ಕೈಯಲ್ಲೇ ಕೊಟ್ಟು ಗಟ್ಟಿಯಾಗಿ ಓದಿಸುತ್ತಿದ್ದರು. "ನಿಮ್ಮ ತಪ್ಪ ನಿಮ್ಮ ಬಾಯಾಗ ಬರ್ಲಿ. ನಾಚಿಕಿ ಬಂದ್ರ ನಾಳೆ ಬರಂಗಿಲ್ಲ." ಇದೊಂದು ಶಿಸ್ತು ಎಂದು ನಾವು ತಿಳಿದಿದ್ದೆವು. ಸಂಜೆ ಅವರ ಹೆಂಡತಿ ಹುಸೇನಬಿ ಚಾಚಿ ಬಂದು ಬಾಗಿಲಲ್ಲಿ ನಿಂತರೆ ಇಬ್ಬರೂ ಜೊತೆಗೇ ಮನೆಗೆ ಹೋಗುತ್ತಿದ್ದರು. ಮಾಸ್ತರರು ಹೆಂಡತಿಯನ್ನು ಬಿಟ್ಟು ಕಾಯಿಪಲ್ಲೆ ತರಲಿಕ್ಕೂ ಹೋಗುವುದಿಲ್ಲ ಎಂದು ನಾವು ಹುಡುಗಿಯರು ಬಾಯಿಗೆ ಸೆರಗು ಹಿಡಿದು ನಗುತ್ತಿದ್ದೆವು.

ನೌಕರಿಯೇನೂ ಸಿಗಲಿಲ್ಲ. ಕೆಲವು ವರ್ಷಗಳ ಮೇಲೆ ಅದೇ ಸಿಂದಗಿಯಲ್ಲಿ ನಾನು ಕಂಪ್ಯೂಟರ್ ಕೇಂದ್ರ ತೆರೆದೆ. ಅಷ್ಟರಲ್ಲಿ ಮಾಸ್ತರರ ಯಂತ್ರಗಳು ಗುಜರಿಗೆ ಹೋಗಿದ್ದವು. ಅವರ ಹೊಟ್ಟೆಯ ಮೇಲೆ ಹೊಡೆದವಳು ನಾನೇ ಎಂಬ ಅಳುಕು ನನಗೆ. ಅವರಿಗೆ ಅದೇನೂ ಇರಲಿಲ್ಲ. ಮಧ್ಯಾಹ್ನ ಚಾಚಿ ಅವರನ್ನು ನಮ್ಮಲ್ಲಿ ತಂದು ಬಿಟ್ಟರೆ, ಚಹಾ ಕುಡಿಯುತ್ತ ನನ್ನ ನಾಲ್ಕು ಹುಡುಗಿಯರ ಕೀಲಿಮಣೆಯ ಸಪ್ಪಳ ಕೇಳುತ್ತ ಕೂಡುತ್ತಿದ್ದರು. "ಇವು ಯಂತ್ರಲ್ಲ ಬೇ, ಪಿಸುಗುಡತಾವ" ಎಂದು ಬೈಯುತ್ತಿದ್ದರು.

ಆಗ ನಮಗೊಂದು ದೊಡ್ಡ ಕೆಲಸ ಬರುವುದಿತ್ತು. ಇಂಗ್ಲೆಂಡಿನ ಒಂದು ಪ್ರವಾಸದ ಕಂಪನಿ. ಜನ ಅದರ ಜಾಲತಾಣದಲ್ಲೇ ಸೀಟು ಕಾಯ್ದಿರಿಸಬೇಕು. ಕಣ್ಣು ಕಾಣದವರಿಗೂ, ಕೈಯಲ್ಲಿ ಮೌಸ್ ಹಿಡಿಯಲಾಗದವರಿಗೂ ಅಂಥ ಪುಟಗಳನ್ನು ಬಳಸಲು ಬರಬೇಕೆಂದು ಅಲ್ಲಿ ಕಾನೂನು. ಕಂಪನಿ ಆ ಕಾನೂನಿಗೆ ತಯಾರಾಗಬೇಕಿತ್ತು, ಪುಟಗಳನ್ನು ತಿದ್ದುವ ಕೆಲಸ ಕೈಯಿಂದ ಕೈಗೆ ದಾಟಿ ನಮ್ಮವರೆಗೆ ಬಂದಿತ್ತು. ಮಾದರಿಗೆ ಹತ್ತು ಪುಟ. ಒಪ್ಪಿಗೆಯಾದರೆ ವರ್ಷದ ಕೆಲಸ, ಇಲ್ಲದಿದ್ದರೆ ನಾಲ್ಕೂ ಹುಡುಗಿಯರನ್ನು ಮನೆಗೆ ಕಳಿಸಿ ನಾನು ಬಾಗಿಲು ಹಾಕಬೇಕು.

ತಪ್ಪು ಹುಡುಕುವ ತಂತ್ರಾಂಶ ಹತ್ತೂ ಪುಟಕ್ಕೆ ಹಸಿರು ಗುರುತು ಕೊಟ್ಟಿತ್ತು. ಕೊನೆಯಲ್ಲಿ ಒಂದು ಅರ್ಜಿ: ಕಣ್ಣು ಕಾಣದ ಒಬ್ಬರಾದರೂ ಈ ಪುಟಗಳನ್ನು ಬಳಸಿ ನೋಡಿರಬೇಕು, ಅವರ ಹೆಸರು, ಉದ್ಯೋಗ ಬರೆಯಿರಿ. ನನ್ನ ಸಹಾಯಕಿ ರೇಣುಕಾಳ ಕಣ್ಣಿಗೆ ಬಟ್ಟೆ ಕಟ್ಟಿ ಅವಳದೇ ಹೆಸರು ಬರೆದು ಕಳಿಸುವುದೆಂದು ನಾನು ತೀರ್ಮಾನಿಸಿದ್ದೆ. ಲಂಡನ್ನಿನಿಂದ ಸಿಂದಗಿಗೆ ಯಾರು ಬಂದು ನೋಡುತ್ತಾರೆ!

"ಅದೇನ ಕಾನೂನ, ಓದು" ಎಂದರು ಚಹಾ ಕುಡಿಯುತ್ತ ಕೂತಿದ್ದ ಮಾಸ್ತರರು. ಕೊನೆಯ ಅರ್ಜಿಯನ್ನೂ ಸೇರಿಸಿ ಓದಿದೆ. ಮೌಸ್ ಇಲ್ಲದೆ ಬರೀ ಕೀಲಿಗಳಿಂದಲೇ ಎಲ್ಲ ಆಗಬೇಕು ಎಂಬಲ್ಲಿಗೆ ಬಂದಾಗ ತೊಡೆ ತಟ್ಟಿ ನಕ್ಕರು. "ಇದನ್ನ ನಾ ಯಾವಾಗಿನಿಂದ ಹೇಳಾಕತ್ತೇನಿ! ಆ ಇಲಿ ಕಿತ್ತ ಒಗಿ. ನಾ ಕೂಡ್ತೇನಿ."

ಮೌಸ್ ಕಿತ್ತೆ. ಮಾಸ್ತರರು ಹೆಗಲಿನ ವಲ್ಲಿ ತೆಗೆದು ಪರದೆಯ ಮೇಲೆ ಹೊದಿಸಿದರು. ಪುಟವನ್ನು ಇಂಗ್ಲಿಷಿನಲ್ಲಿ ಓದಿ ಹೇಳುವ ತಂತ್ರಾಂಶದ ಪುಕ್ಕಟೆ ಪ್ರತಿಯೊಂದು ನಮ್ಮಲ್ಲಿತ್ತು. ಸ್ವಲ್ಪ ಹೊತ್ತು ಮಾತಾಡಿ ಬಾಯಿ ಮುಚ್ಚಿಕೊಳ್ಳುತ್ತಿತ್ತು, ಆಗ ಕಂಪ್ಯೂಟರ್ ಬಂದ್ ಮಾಡಿ ಮತ್ತೆ ಚಾಲೂ ಮಾಡಬೇಕು. ಮಾಸ್ತರರು ಅದನ್ನು ಕೇಳುತ್ತ ಒಂದೊಂದೇ ಕೀಲಿ ಒತ್ತಿದರು. ಒಂದು ಚಿತ್ರ ಬಂತು, "ಸುಂದರ ಫೋಟೋ" ಎಂದಿತು ಯಂತ್ರ. ಇನ್ನೊಂದು ಬಂತು, "ಸುಂದರ ಫೋಟೋ." ಚಿತ್ರಗಳಿಗೆ ವಿವರಣೆ ಬರೆದವಳು ರೇಣುಕಾ.

"ಸುಂದರ ಐತೋ ಇಲ್ಲೋ ನಾ ಹೇಳ್ತೇನಿ. ಅದರಾಗ ಏನೈತಿ, ಅದನ್ನ ನೀ ಹೇಳವಾ" ಎಂದರು. ರೇಣುಕಾ ನಾಲಿಗೆ ಕಚ್ಚಿಕೊಂಡಳು.

ಸೀಟು ಕಾಯ್ದಿರಿಸುವ ಪುಟದಲ್ಲಿ ಹೆಸರು ಬರೆದರು, ಊರು ಬರೆದರು. ತಾರೀಖಿನ ಹತ್ತಿರ ಯಂತ್ರ ತಾರೀಖನ್ನು ಹಾರಿ ಮುಂದೆ ಹೋಯಿತು. ಮೂರು ಸಲ ಹಿಂದೆ ಬಂದರು, ಮೂರು ಸಲವೂ ಹಾರಿತು. ತಾರೀಖಿಗೆ ನಾವು ಚಂದದ ಕ್ಯಾಲೆಂಡರ್ ಇಟ್ಟಿದ್ದೆವು, ಅದು ಮೌಸಿಗೆ ಮಾತ್ರ ತೆರೆಯುತ್ತಿತ್ತು. "ಹಸಿರು ಗುರುತ ಬಂದೈತಿ ಅಂದಿದ್ದಿ?" ಎಂದರು. ಎಲ್ಲಿ ತಪ್ಪಿದೆ ನೋಡೋಣವೆಂದು ವಲ್ಲಿಯನ್ನು ಎತ್ತಿ ನನ್ನ ಮಡಿಲಲ್ಲಿ ಇಟ್ಟುಕೊಂಡೆ. ಪರದೆಯ ತುಂಬ ಕೆಂಪು ಅಕ್ಷರದಲ್ಲಿ ತಾರೀಖು ಬರೆದಿಲ್ಲ ಎಂಬ ಸೂಚನೆ ಬೆಳಗುತ್ತಿತ್ತು.

ಮಾಸ್ತರರು ಅದರ ಎದುರೇ ಕೂತು ಹೇಳಿದರು: "ಇನ್ನೊಮ್ಮಿ ಹೋಗಿ ನೋಡ್ತೇನಿ. ವಲ್ಲಿ ತಗೀಬ್ಯಾಡ ತಂಗಿ, ಹಾಂಗ ಇರ್ಲಿ."

ವಲ್ಲಿ ನನ್ನ ಮಡಿಲಲ್ಲಿತ್ತು. ಹುಡುಗಿಯರನ್ನು ಚಹಾಕ್ಕೆ ಕಳಿಸಿದೆ.

"ಎಷ್ಟ ದಿನಾ ಆತ್ರಿ ಸರ?" ಎಂದು ಕೇಳಿದೆ.

ಅವರಿಗೆ ತಿಳಿಯಿತು. ಕೀಲಿಗಳ ಮೇಲಿನ ಕೈ ತೆಗೆಯಲಿಲ್ಲ. "ನೀ ಪರೀಕ್ಷಾಕ್ಕ ಕುಂತಾಗ ಕಣ್ಣ ಅರ್ಧಾ ಹೋಗಿದ್ದು. ಈಗ ಬೆಳಕಷ್ಟ ಗೊತ್ತಾಗತೈತಿ. ಹುಸೇನಬಿಗೆ ಬಿಟ್ರ ಯಾರಿಗೂ ಹೇಳಿಲ್ಲ. ಕುಡ್ಡ ಮಾಸ್ತರನ ಕಡೆ ಯಾರ ಮಕ್ಕಳನ್ನ ಕಳಸ್ತಾರ?"

ಹಾಳೆ ಓದಿಸಿದ್ದು, ಚಾಚಿ ಬಾಗಿಲಲ್ಲಿ ನಿಂತದ್ದು ಎಲ್ಲ ಒಟ್ಟಿಗೆ ನೆನಪಾಗಿ, ಆಗ ನಕ್ಕ ನಗೆಗೆ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕೆನಿಸಿತು. ಅರ್ಜಿಯ ವಿಷಯ ಎತ್ತುವ ಧೈರ್ಯ ನನಗಾಗಲಿಲ್ಲ. ಅವರೇ ಎತ್ತಿದರು. ರೇಣುಕಾಳ ಹೆಸರು ಹಾಕುವೆನೆಂದೆ.

"ನೋಡೋ ಹುಡುಗಿ ಹೆಸರ ಹಾಕಿ ಸುಳ್ಳ ಬರೀತಿ? ನಾ ಹಂಗ ಕಲಿಸಿಲ್ಲ. ಅರ್ಜಿ ತಗಿ."

ತಾವೇ ಬರೆದರು. ಹೆಸರಾಯಿತು. ಉದ್ಯೋಗ: ಟೈಪಿಂಗ್ ಶಿಕ್ಷಕ. ಅದರ ಮುಂದೆ ಬೆರಳುಗಳು ಸ್ವಲ್ಪ ನಿಂತವು. ಆಮೇಲೆ ಒಂದೇ ಓಟಕ್ಕೆ ಬರೆದರು: ಕಣ್ಣು ಕಾಣುವುದಿಲ್ಲ. ಒಂದಕ್ಷರ ತಪ್ಪಿರಲಿಲ್ಲ. "ಹುಡುಗ್ಯಾರಿಗೂ ಹೇಳ ಈಗ. ಲಂಡನ್ನಿಗೆ ಗೊತ್ತಾದ ಮ್ಯಾಲ ಸಿಂದಗಿಗೆ ಏನ ಮುಚ್ಚಾದು!"

ಕ್ಯಾಲೆಂಡರ್ ಕಿತ್ತು ತಾರೀಖು ಬರೆಯಲು ಖಾಲಿ ಜಾಗ ಕೊಟ್ಟೆವು, ಚಿತ್ರಗಳಿಗೆ ಹೊಸದಾಗಿ ವಿವರಣೆ ಬರೆದೆವು. ಕೆಲಸ ನಮಗೇ ಬಂತು. ಅಂದಿನಿಂದ ಮಾಸ್ತರರು ನಮ್ಮಲ್ಲಿ ಅತಿಥಿಯಲ್ಲ, ಪರೀಕ್ಷಕರು. ಅವರು ಪಾಸು ಅನ್ನದೆ ಒಂದು ಪುಟವೂ ಸಿಂದಗಿ ಬಿಟ್ಟು ಹೋಗುತ್ತಿರಲಿಲ್ಲ.

ನಾಲ್ಕು ವರ್ಷದ ಮೇಲೆ ಅವರು ಹಾಸಿಗೆ ಹಿಡಿದರು. ಕಡೆಯ ಸಲ ನಾನು ಹೋದಾಗ ಚಾಚಿ ಬಾಗಿಲಲ್ಲೇ, "ಮಾತ ಕಡಿಮಿ ಆಗ್ಯಾವ, ಬೆರಳ ಮಾತ್ರ ಸುಮ್ನ ಇರವಲ್ಲವು" ಎಂದರು. ಕೌದಿಯ ಮೇಲೆ ಎರಡೂ ಕೈ ಆಡುತ್ತಿದ್ದವು. ನೋಡಿದ ಕೂಡಲೇ ಗುರುತು ಹತ್ತಿತು, ಅದು ನಮ್ಮ ಟೈಪಿಂಗಿನ ಮೊದಲ ಪಾಠ. ಗೂಟಕ್ಕೆ ತೂಗಿದ್ದ ವಲ್ಲಿ ತೆಗೆದು ಅವರ ಕೈಗಳ ಮೇಲೆ ಹೊದಿಸಿದೆ.

"ಯಾಕ ಮುಚ್ಚಿದಿ?"

"ನಾ ನೋಡಬಾರದಲ್ರೀ ಸರ."

ಮಾಸ್ತರರು ನಕ್ಕರು. ಕೌದಿಯ ಮೇಲೆ ಸಪ್ಪಳ ಎಲ್ಲಿ ಬರಬೇಕು? ವಲ್ಲಿಯ ಮೇಲೆ ನನ್ನ ಅಂಗೈ ಇಟ್ಟೆ. ಒಂದೊಂದೇ ಬೆರಳು ಎದ್ದು ಬಿದ್ದಿತು. ಎಡಗೈಯ ಕಿರಿಬೆರಳಿನ ಸರದಿ ಬಂದಾಗ ಅಲ್ಲಿ ಏನೂ ಅಲುಗಲಿಲ್ಲ.

"ಬರೋಬ್ಬರಿ ಐತ್ರಿ ಸರ" ಎಂದೆ.

"ಸುಳ್ಳ ಹೇಳಬ್ಯಾಡ ತಂಗಿ" ಎಂದರು ಮಾಸ್ತರರು. "ಕಿರಿಬೆರಳ ಮಲಗೇತಿ. ಮಲಗ್ಲಿ ಬಿಡು, ದಣದೈತಿ."